ಕೈಕೊಟ್ಟ ಹಾರ್ಡ್ ಡಿಸ್ಕ್, ಡಿಡಿರೆಸ್ಕ್ಯೂ, ಮತ್ತೆ ಹೆಸರು ಕಳೆದುಕೊಂಡ ಫೋಟೋಗಳು

ಗೆಳೆಯರೊಬ್ಬರ ಹಳೇ ಲ್ಯಾಪ್‌ಟಾಪ್. 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್, 4 ಜಿಬಿ ರ‍್ಯಾಮ್, ಅದರಲ್ಲಿ ಉಬುಂಟು ಮೂಲದ ಒಂದು ಲಿನಕ್ಸ್ ಡಿಸ್ಟ್ರೋ. ಆನ್ ಮಾಡಿದರೆ ಡೆಸ್ಕ್‌ಟಾಪ್ ಬರುವುದಿಲ್ಲ. ಕಪ್ಪು ಸ್ಕ್ರೀನ್ ಮೇಲೆ ಬ್ಯುಸಿಬಾಕ್ಸ್ ಅಂತ ಒಂದು ಸಾಲು, ಅದರ ಕೆಳಗೆ ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್ (ಸಿಸ್ಟಂ ಪೂರ್ತಿ ಏಳಲಾಗದೆ ನಿಂತಾಗ ಸಿಗುವ ತುರ್ತು ಕಮ್ಯಾಂಡ್ ಸಾಲು), ಮೇಲ್ಗಡೆ ದೊಡ್ಡಕ್ಷರದಲ್ಲಿ "ಎಫ್‌ಎಸ್‌ಸಿಕೆಯನ್ನು ನೀವೇ ಓಡಿಸಿ" ಅನ್ನುವ ಆಜ್ಞೆ (ಎಫ್‌ಎಸ್‌ಸಿಕೆ ಅಂದರೆ ಫೈಲ್‌ಸಿಸ್ಟಂ, ಅಂದರೆ ಡಿಸ್ಕ್ ಮೇಲಿನ ಫೈಲ್‌ಗಳ ಲೆಕ್ಕಪತ್ರ, ಪರೀಕ್ಷಿಸಿ ಸರಿಮಾಡುವ ಟೂಲ್). ಬ್ಯಾಕಪ್ ಇದೆಯಾ ಅಂತ ಕೇಳಿದೆ. ಇಲ್ಲ. ಮಕ್ಕಳು ಹುಟ್ಟಿದಾಗಿನಿಂದ ತೆಗೆದ ಫೋಟೋ ಎಲ್ಲ ಅದೊಂದರಲ್ಲೇ ಇವೆ.

ಈ ಸಂದೇಶವನ್ನು ಎಲ್ಲಿ ಹುಡುಕಿದರೂ ಸಿಗುವ ಉತ್ತರ ಒಂದೇ: ಎಫ್‌ಎಸ್‌ಸಿಕೆಗೆ ಮೈನಸ್ ವೈ ಕೊಟ್ಟು ಎಂಟರ್ ಒತ್ತಿ, ರೀಬೂಟ್ ಮಾಡಿ, ಮುಗೀತು. ಹತ್ತರಲ್ಲಿ ಒಂಬತ್ತು ಸಲ ಅದು ಸರಿ ಕೂಡ. ಕರೆಂಟ್ ಹೋಗಿಯೋ, ಪವರ್ ಬಟನ್ ಒತ್ತಿ ಹಿಡಿದೋ ಫೈಲ್‌ಸಿಸ್ಟಂ ಕೆಟ್ಟಿದ್ದರೆ ಅದೇ ಮದ್ದು. ಆದರೆ ಆ ಮದ್ದು ಕೊಡುವ ಮೊದಲು ಒಂದು ವಿಷಯ ಗೊತ್ತಿರಬೇಕು. ಎಫ್‌ಎಸ್‌ಸಿಕೆ ಕೆಲಸ ಮಾಡುವುದು ಡಿಸ್ಕ್ ಗಟ್ಟಿಯಾಗಿದೆ, ಕೆಟ್ಟಿರುವುದು ಅದರ ಮೇಲಿನ ಲೆಕ್ಕಪತ್ರ ಮಾತ್ರ ಅನ್ನುವ ನಂಬಿಕೆಯ ಮೇಲೆ. ಡಿಸ್ಕೇ ಹಾಳಾಗಿದ್ದರೆ ಕಥೆ ಬೇರೆ. ಈ ಡಿಸ್ಕ್‌ನಲ್ಲಿದ್ದ ಫೈಲ್‌ಸಿಸ್ಟಂ ಇಎಕ್ಸ್‌ಟಿ4. ಅದರ ಎಫ್‌ಎಸ್‌ಸಿಕೆಯಾದ ಇ2ಎಫ್‌ಎಸ್‌ಸಿಕೆಗೆ ಒಂದು ಬ್ಲಾಕ್ ಓದಲು ಆಗದಿದ್ದರೆ ಅದು ಎರಡು ಪ್ರಶ್ನೆ ಕೇಳುತ್ತದೆ. ಮೊದಲನೆಯದು, ಈ ಎರರ್ ಬಿಟ್ಟು ಮುಂದೆ ಹೋಗಲಾ? ಎರಡನೆಯದು, ಆ ಬ್ಲಾಕ್ ಮೇಲೆ ಬಲವಂತವಾಗಿ ಮತ್ತೆ ಬರೆಯಲಾ? ಮೈನಸ್ ವೈ ಕೊಟ್ಟಿದ್ದರೆ ಎರಡಕ್ಕೂ ಉತ್ತರ ಹೌದು. ಅಂದರೆ ಇನ್ನೊಂದಿಷ್ಟು ಸಲ ಕೇಳಿದ್ದರೆ ಡಿಸ್ಕ್ ಕೊಟ್ಟೇಬಿಡಬಹುದಾಗಿದ್ದ ಡೇಟಾ ಮೇಲೆ ನಾವೇ ಕೈಯಾರೆ ಸೊನ್ನೆ ಬರೆದ ಹಾಗಾಯಿತು.

ಅದಕ್ಕೇ ಈ ಸಲ ಸ್ಕ್ರೀನ್ ಹೇಳಿದ್ದನ್ನು ಕೇಳಲಿಲ್ಲ. ಅದೇ ಪ್ರಾಂಪ್ಟ್‌ನಲ್ಲಿ ಡಿಮೆಸ್ಸೇಜ್, ಅಂದರೆ ಕರ್ನಲ್‌ನ ಸಂದೇಶಗಳ ಪಟ್ಟಿ, ನೋಡಿದರೆ ಕರ್ನಲ್ ಪಾಪ ಮೊದಲೇ ಗೋಳಾಡಿತ್ತು: ಮೀಡಿಯಂ ಎರರ್, ಇಂಥ ಸೆಕ್ಟರ್ (ಡಿಸ್ಕ್‌ನ ಒಂದು ಪುಟ್ಟ ತುಂಡು) ಓದಲು ಆಗುತ್ತಿಲ್ಲ, ಲಿಂಕ್ ರೀಸೆಟ್ ಮಾಡುತ್ತಿದ್ದೇನೆ ಅಂತ ಸಾಲು ಸಾಲು. ಅಲ್ಲಿಗೆ ಮಷಿನ್ ಆಫ್.

ಪೆನ್ ಡ್ರೈವ್‌ಗೆ ಸಿಸ್ಟಂರೆಸ್ಕ್ಯೂ ಹಾಕಿ ಅದರಿಂದ ಬೂಟ್ ಮಾಡಿದೆ. ಇದು ಆರ್ಚ್ ಲಿನಕ್ಸ್ ಆಧಾರಿತ ಲೈವ್ ಸಿಸ್ಟಂ, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವ್‌ನಿಂದಲೇ ಓಡುವಂಥದ್ದು. ಬೇಕಾದ ಟೂಲ್ ಎಲ್ಲ ಒಳಗೇ ಇರುತ್ತವೆ. ಮಾಮೂಲಿ ಡೆಸ್ಕ್‌ಟಾಪ್ ಡಿಸ್ಟ್ರೋದ ಲೈವ್ ಯುಎಸ್‌ಬಿ ಯಾಕೆ ಬೇಡ ಅಂದರೆ, ಅಲ್ಲಿ ಫೈಲ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಚಿತ್ರದ ಮೇಲೆ ಒಂದು ಕ್ಲಿಕ್ ಬಿದ್ದರೆ ಸಾಕು, ಅದು ಬರೆಯುವ ಅನುಮತಿಯ ಸಮೇತ ಮೌಂಟ್ ಆಗಿಬಿಡುತ್ತದೆ. ಮೌಂಟ್ ಆದ (ಅಂದರೆ ಬಳಕೆಗೆ ತೆರೆದುಕೊಂಡ) ಕೂಡಲೇ ಜರ್ನಲ್, ಅಂದರೆ ಅರ್ಧಕ್ಕೆ ನಿಂತ ಬರವಣಿಗೆಗಳ ದಾಖಲೆ, ರೀಪ್ಲೇ ಆಗುತ್ತದೆ, ಅದೂ ಒಂದು ಬರವಣಿಗೆಯೇ ಅಲ್ವಾ. ಸಾಯುತ್ತಿರುವ ಡಿಸ್ಕ್ ಮೇಲೆ ಒಂದು ಬೈಟ್ ಕೂಡ ಬರೆಯಬಾರದು ಅನ್ನುವುದೇ ಇಲ್ಲಿಯ ನಿಯಮ.

ಮೊದಲು ಸ್ಮಾರ್ಟ್‌ಸಿಟಿಎಲ್, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಂಡ ಲೆಕ್ಕ ತೋರಿಸುವ ಟೂಲ್. ಮೇಲೆ ದೊಡ್ಡದಾಗಿ "ಒಟ್ಟು ಆರೋಗ್ಯ: ಪಾಸ್" ಅಂತ ತೋರಿಸಿತು. ಅದನ್ನು ನಂಬಬೇಡಿ. ತಯಾರಕರು ತಾವೇ ಇಟ್ಟುಕೊಂಡ ಗಡಿ ದಾಟುವವರೆಗೂ ಅದು ಪಾಸ್ ಅಂತಲೇ ಹೇಳುತ್ತದೆ. ಆ ಗಡಿ ಎಷ್ಟೋ ಸಲ ಎಲ್ಲೋ ದೂರದಲ್ಲಿರುತ್ತದೆ. ನೋಡಬೇಕಾದದ್ದು ಕೆಳಗಿನ ಪಟ್ಟಿಯಲ್ಲಿ, ಕೊನೆಯ ಕಾಲಂನಲ್ಲಿರುವ ಕಚ್ಚಾ ಸಂಖ್ಯೆ. ಸಾಲಿನ ನಂಬರ್ ಅಂದರೆ ಇಲ್ಲಿ ಮೊದಲ ಕಾಲಂನಲ್ಲಿರುವ ಐಡಿ. 5ನೇ ಸಾಲು ರೀಅಲೊಕೇಟೆಡ್ ಸೆಕ್ಟರ್: ಡಿಸ್ಕ್ ಈಗಾಗಲೇ ಕೈಬಿಟ್ಟು ಬೇರೆ ಜಾಗ ಕೊಟ್ಟ ಸೆಕ್ಟರ್‌ಗಳು. ಇಲ್ಲಿ 24 ಇತ್ತು. 197ನೇ ಸಾಲು ಕರೆಂಟ್ ಪೆಂಡಿಂಗ್: ಓದಲು ಆಗದೆ, ಏನು ಮಾಡಲಿ ಅಂತ ಡಿಸ್ಕ್ ಕಾಯುತ್ತಿರುವ ಸೆಕ್ಟರ್‌ಗಳು. ಅಲ್ಲಿ 96. 199ನೇ ಸಾಲು ಸಿಆರ್‌ಸಿ ಎರರ್, ಅಂದರೆ ಡೇಟಾ ಕೇಬಲ್‌ನಲ್ಲಿ ಸಾಗುವಾಗ ಆದ ತಪ್ಪು, ಅದು ಸೊನ್ನೆ. ಈ ಸೊನ್ನೆ ಮುಖ್ಯ. ಅದು ಏರುತ್ತಿದ್ದರೆ ಕೇಬಲ್ಲೋ ಕನೆಕ್ಟರ್ರೋ ಸಡಿಲವಾಗಿದೆ ಅಂದುಕೊಂಡು ಖುಷಿಪಡಬಹುದಿತ್ತು. ಹಾಗಾಗಲಿಲ್ಲ, ತಟ್ಟೆಯೇ ಹೋಗಿದೆ.

197ರ ಸಂಖ್ಯೆ 8ರಿಂದ ಭಾಗವಾಗುತ್ತದೆ ಅನ್ನುವುದನ್ನು ಗಮನಿಸಿ. ಈ ಡಿಸ್ಕ್ ಹೊರಗೆ 512 ಬೈಟಿನ ಸೆಕ್ಟರ್ ತೋರಿಸಿದರೂ ಒಳಗೆ 4096 ಬೈಟಿನದ್ದು. ಒಂದು ನಿಜವಾದ ಸೆಕ್ಟರ್ ಕೆಟ್ಟರೆ ಲೆಕ್ಕದಲ್ಲಿ ಎಂಟು ಏರುತ್ತದೆ. ಅಂದರೆ ಸದ್ಯಕ್ಕೆ ಡಿಸ್ಕ್‌ಗೆ ಗೊತ್ತಿರುವ ಕೆಟ್ಟ ಜಾಗ 12. ಗೊತ್ತಿಲ್ಲದ್ದು ಎಷ್ಟು ಅಂತ ಓದಿದ ಮೇಲೇ ತಿಳಿಯುವುದು.

ನಕಲು ತೆಗೆಯುವ ಕೆಲಸ

ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಕೇಸ್‌ಗೆ ಹಾಕುವ ಆಸೆ ಬರುತ್ತದೆ. ಬೇಡ. ಆ ಕೇಸ್‌ಗಳಲ್ಲಿರುವ ಬ್ರಿಡ್ಜ್ ಚಿಪ್‌ಗಳು ಓದುವ ಎರರ್ ಬಂದಾಗ ಸರಿಯಾಗಿ ವರದಿ ಮಾಡದೆ ಇಡೀ ಯುಎಸ್‌ಬಿ ಸಂಪರ್ಕವನ್ನೇ ಕಳಚಿಕೊಳ್ಳುವುದು ಜಾಸ್ತಿ. ಕೆಟ್ಟ ಡಿಸ್ಕ್ ನೇರ ಸಾಟಾದಲ್ಲೇ, ಅಂದರೆ ಲ್ಯಾಪ್‌ಟಾಪ್ ಒಳಗೇ ಇರಲಿ. ಒಳ್ಳೆಯ ಡಿಸ್ಕ್ ಯುಎಸ್‌ಬಿಯಲ್ಲಿರಲಿ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಒಂದಿತ್ತು, 1 ಟಿಬಿಯ ಖಾಲಿ ಎಕ್ಸ್‌ಟರ್ನಲ್ ಡಿಸ್ಕ್ ಅದಕ್ಕೆ ಸಿಕ್ಕಿಸಿದೆ.

ಆ ಎಕ್ಸ್‌ಟರ್ನಲ್ ಡಿಸ್ಕ್ ಅನ್ನು ಎಕ್ಸ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಂಗೆ ಫಾರ್ಮ್ಯಾಟ್ ಮಾಡಿದೆ. ಇದಕ್ಕೊಂದು ಕಾರಣ ಇದೆ. ಈಗಿನ ಎಕ್ಸ್‌ಎಫ್‌ಎಸ್‌ನಲ್ಲಿ ರೀಫ್ಲಿಂಕ್ ತಾನಾಗೇ ಆನ್ ಇರುತ್ತದೆ. 500 ಜಿಬಿಯ ಒಂದು ಇಮೇಜ್ ಫೈಲನ್ನು (ಇಡೀ ಡಿಸ್ಕ್‌ನ ನಕಲು ಒಂದೇ ಫೈಲ್ ಆಗಿ) ಸಿಪಿ ಕಮ್ಯಾಂಡ್‌ಗೆ ರೀಫ್ಲಿಂಕ್ ಆಯ್ಕೆ ಕೊಟ್ಟು ನಕಲು ಮಾಡಿದರೆ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ, ಜಾಗವನ್ನೂ ತಿನ್ನುವುದಿಲ್ಲ, ಆಮೇಲೆ ಬದಲಾದ ಬ್ಲಾಕ್‌ಗಳಿಗೆ ಮಾತ್ರ ಹೊಸ ಜಾಗ ಹಿಡಿಯುತ್ತದೆ. ಮುಂದೆ ನಾವು ಇಮೇಜ್ ಮೇಲೆ ಏನೇನೋ ಪ್ರಯೋಗ ಮಾಡುವವರು. ಪ್ರತಿ ಪ್ರಯೋಗಕ್ಕೂ ಒಂದು ಹೊಸ ಪ್ರತಿ ಪುಕ್ಕಟೆ ಸಿಗುತ್ತದೆ ಅಂದರೆ ಯಾರು ಬೇಡ ಅಂತಾರೆ. ಬಿಟಿಆರ್‌ಎಫ್‌ಎಸ್ ಆದರೂ ನಡೆಯುತ್ತದೆ. ಫ್ಯಾಟ್32 ಅಂತೂ ಬೇಡವೇ ಬೇಡ, ಅಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ.

ಇನ್ನು ಡಿಡಿರೆಸ್ಕ್ಯೂ. ಇದು ಕೆಟ್ಟ ಡಿಸ್ಕ್‌ನ ನಕಲು ತೆಗೆಯುವ, ಗ್ನೂ ಯೋಜನೆಯ ಟೂಲ್. ಡೆಬಿಯನ್ ಕಡೆಯವರು ಹುಷಾರು: ಅಲ್ಲಿ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ. ಡಿಡಿರೆಸ್ಕ್ಯೂ ಅನ್ನುವ ಹೆಸರಿನಲ್ಲೇ ಇನ್ನೊಂದು ಪ್ಯಾಕೇಜ್ ಇದೆ, ಅದರೊಳಗೆ ಇರುವುದು ಬೇರೆಯೇ ಪ್ರೋಗ್ರಾಂ. ನಕಲು ಮಾಡುವ ಮಾಮೂಲಿ ಕಮ್ಯಾಂಡ್ ಡಿಡಿಗೂ ಇದಕ್ಕೂ ವ್ಯತ್ಯಾಸ ಏನಂದರೆ, ಡಿಡಿ ಮೊದಲಿನಿಂದ ಕೊನೆಗೆ ಒಂದೇ ಸಮನೆ ಓದುತ್ತದೆ, ಕೆಟ್ಟ ಜಾಗ ಬಂದರೆ ಅಲ್ಲೇ ಬಿದ್ದುಬಿಡುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ. ಕೆಟ್ಟ ಜಾಗ ಸಿಕ್ಕರೆ ಅದನ್ನು ಗುರುತು ಹಾಕಿಕೊಂಡು ಮುಂದಕ್ಕೆ ಹಾರುತ್ತದೆ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು ಆಮೇಲೆ ಕಷ್ಟದ ಜಾಗಕ್ಕೆ ವಾಪಸ್ ಬರುತ್ತದೆ. ಯಾವ ಗಳಿಗೆಯಲ್ಲಾದರೂ ಡಿಸ್ಕ್ ಪೂರ್ತಿ ನಿಲ್ಲಬಹುದು ಅಂದಾಗ ಇದಕ್ಕಿಂತ ಬುದ್ಧಿವಂತ ಕ್ರಮ ಇಲ್ಲ.

ಗುರುತು ಹಾಕಿಕೊಳ್ಳುವುದು ಮ್ಯಾಪ್‌ಫೈಲ್‌ನಲ್ಲಿ. ಕಮ್ಯಾಂಡ್‌ನಲ್ಲಿ ಮೂರು ಹೆಸರು ಕೊಡಬೇಕು: ಮೂಲ ಡಿಸ್ಕ್, ಇಮೇಜ್ ಫೈಲ್, ಮ್ಯಾಪ್‌ಫೈಲ್. ಮೂರನೆಯದು ಕೊಡದಿದ್ದರೂ ಅದು ಓಡುತ್ತದೆ, ಅದೇ ಅಪಾಯ. ಮ್ಯಾಪ್‌ಫೈಲ್ ಇದ್ದರೆ ಯಾವಾಗ ಬೇಕಾದರೂ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ, ಮಾರನೇ ದಿನ ಅದೇ ಕಮ್ಯಾಂಡ್ ಕೊಟ್ಟರೆ ಬಿಟ್ಟ ಕಡೆಯಿಂದ ಶುರು. ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ಮ್ಯಾಪ್‌ಫೈಲ್ ಬರೀ ಟೆಕ್ಸ್ಟ್. ತೆರೆದು ನೋಡಬಹುದು: ಪ್ಲಸ್ ಚಿಹ್ನೆ ಅಂದರೆ ಸಿಕ್ಕಿದ್ದು, ಪ್ರಶ್ನಾರ್ಥಕ ಅಂದರೆ ಇನ್ನೂ ಮುಟ್ಟದ್ದು, ನಕ್ಷತ್ರ ಮತ್ತು ಓರೆಗೆರೆ ಅಂದರೆ ಅರ್ಧ ಕೆಲಸ ಆದದ್ದು, ಮೈನಸ್ ಅಂದರೆ ಓದಲು ಆಗದ್ದು.

ಮೂಲ ಡಿಸ್ಕ್‌ಗೆ ಎಸ್‌ಡಿಎ, ಎಸ್‌ಡಿಬಿ ಅಂತ ಹೆಸರು ಕೊಡಲಿಲ್ಲ. ಡೆವ್ ಫೋಲ್ಡರಿನ ಒಳಗೆ ಡಿಸ್ಕ್, ಅದರೊಳಗೆ ಬೈ-ಐಡಿ ಅಂತ ಇದೆಯಲ್ಲ, ಅಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರುವ ಉದ್ದನೆಯ ಹೆಸರು ಸಿಗುತ್ತದೆ. ಅದನ್ನೇ ಕೊಟ್ಟೆ. ಕೆಟ್ಟ ಡಿಸ್ಕ್ ಮಧ್ಯದಲ್ಲಿ ಕಣ್ಮರೆಯಾಗಿ ವಾಪಸ್ ಬಂದಾಗ ಎಸ್‌ಡಿಎ ಇದ್ದದ್ದು ಎಸ್‌ಡಿಸಿ ಆಗಿರಬಹುದು. ಉದ್ದನೆಯ ಹೆಸರು ಮಾತ್ರ ಬದಲಾಗುವುದಿಲ್ಲ.

ಮೊದಲ ಸುತ್ತಿಗೆ ಮೂರು ಆಯ್ಕೆ. ಮೈನಸ್ ಡಿ, ಕರ್ನಲ್‌ನ ಕ್ಯಾಶ್ ಬಿಟ್ಟು ನೇರ ಡಿಸ್ಕ್‌ನಿಂದ ಓದಲು. ಮೈನಸ್ ಬಿ 4096, ಸೆಕ್ಟರ್ ಅಳತೆ ಹೇಳಲು. ಮೈನಸ್ ಎನ್, ಕೆಟ್ಟ ಜಾಗವನ್ನು ಕೆರೆಯುವ ಕೆಲಸ ಸದ್ಯಕ್ಕೆ ಬೇಡ ಅನ್ನಲು. ಓಡಿಸಿದ ಕೂಡಲೇ ಸೆಕೆಂಡಿಗೆ 100 ಎಂಬಿ ಆಸುಪಾಸು ವೇಗ. ಒಳ್ಳೆಯ ಜಾಗದಲ್ಲಿ ಡಿಸ್ಕ್ ಇನ್ನೂ ಗಟ್ಟಿಮುಟ್ಟು. ಆಮೇಲೆ ಒಂದು ಕಡೆ ಬಂದು ನಿಂತಿತು. ವೇಗ ಕಿಲೋಬೈಟ್‌ಗೆ ಇಳಿಯಿತು, ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು, "ಕೊನೆಯ ಸಲ ಓದಿ ಇಷ್ಟು ಸೆಕೆಂಡ್ ಆಯಿತು" ಅನ್ನುವ ಗಡಿಯಾರ ಏರುತ್ತಾ ಹೋಯಿತು. ಡಿಸ್ಕ್ ತನ್ನೊಳಗೇ ಮತ್ತೆ ಮತ್ತೆ ಓದಲು ಪ್ರಯತ್ನಿಸುತ್ತಿರುತ್ತದೆ, ಕರ್ನಲ್ ಡೀಫಾಲ್ಟ್ ಆಗಿ 30 ಸೆಕೆಂಡ್ ಕಾದು ಆಮೇಲೆ ಲಿಂಕ್ ರೀಸೆಟ್ ಮಾಡುತ್ತದೆ, ಮತ್ತೆ ಅದೇ. ನೋಡುವವರಿಗೆ ಎಲ್ಲ ಹ್ಯಾಂಗ್ ಆದ ಹಾಗೆ ಕಾಣುತ್ತದೆ. ಸುಮ್ನೆ ಬಿಡಬೇಕು. ಸ್ವಲ್ಪ ಹೊತ್ತಿಗೆ ಡಿಡಿರೆಸ್ಕ್ಯೂ ಆ ಜಾಗ ಹಾರಿಕೊಂಡು ಮತ್ತೆ 90ಕ್ಕೆ ಬಂತು.

ಒಂದು ಸಲ ಡಿಸ್ಕ್ ನಿಜಕ್ಕೂ ಮಾಯವಾಯಿತು. ಆ ಸ್ಥಿತಿಯಲ್ಲಿ ರೀಬೂಟ್ ಸಾಲದು, ಪವರ್ ಪೂರ್ತಿ ತೆಗೆಯಬೇಕು. ಆಫ್ ಮಾಡಿ, ಡಿಸ್ಕ್ ತಣ್ಣಗಾಗುವವರೆಗೆ ಬಿಟ್ಟು, ಮತ್ತೆ ಸಿಸ್ಟಂರೆಸ್ಕ್ಯೂಗೆ ಬೂಟ್ ಮಾಡಿ ಅದೇ ಕಮ್ಯಾಂಡ್ ಕೊಟ್ಟೆ. ಮ್ಯಾಪ್‌ಫೈಲ್‌ನಿಂದಾಗಿ ಅಷ್ಟು ಹೊತ್ತಿನ ಕೆಲಸ ಹಾಗೇ ಇತ್ತು. ಈ ಸಲ ಮೈನಸ್ ದೊಡ್ಡ ಆರ್ ಸೇರಿಸಿ ಹಿಂದಿನಿಂದ ಮುಂದಕ್ಕೆ ಓದಿಸಿದೆ. ಕೆಟ್ಟ ಜಾಗದ ಈಚೆ ದಡದಲ್ಲಿ ಸಿಕ್ಕಿಹಾಕಿಕೊಳ್ಳುವ ಡಿಸ್ಕ್, ಆಚೆ ದಡದಿಂದ ಬಂದರೆ ಎಷ್ಟೋ ಸಲ ಸಲೀಸಾಗಿ ಕೊಡುತ್ತದೆ. ತಾಪಮಾನ ಸ್ಮಾರ್ಟ್‌ಸಿಟಿಎಲ್ ಪಟ್ಟಿಯ 194ನೇ ಸಾಲಿನಲ್ಲಿ ಸಿಗುತ್ತದೆ. ಅದು ಏರುತ್ತಿತ್ತು ಅಂತ ಲ್ಯಾಪ್‌ಟಾಪ್ ಅಡಿಗೆ ಎರಡು ಪುಸ್ತಕ ಕೊಟ್ಟು ಟೇಬಲ್ ಫ್ಯಾನ್ ತಿರುಗಿಸಿಟ್ಟೆ. ಫ್ರೀಜರ್‌ನಲ್ಲಿಡುವ ಹಳೇ ಸಲಹೆ ಇದೆಯಲ್ಲ, ಅದರ ಸುದ್ದಿಗೆ ಹೋಗಬೇಡಿ. ಹೊರಗೆ ತೆಗೆದಾಗ ತೇವ ಕೂತು ಇರುವುದೂ ಹೋಗುತ್ತದೆ.

ಮೊದಲ ಸುತ್ತು ಮುಗಿದಾಗ ಶೇ. 99.97 ಕೈಗೆ ಬಂದಿತ್ತು. ಆಮೇಲೆ ಮೈನಸ್ ಎನ್ ತೆಗೆದು, ಮೂರು ಸಲ ಮತ್ತೆ ಪ್ರಯತ್ನಿಸು ಅಂತ ಹೇಳಿ ರಾತ್ರಿಯಿಡೀ ಬಿಟ್ಟೆ. ಸ್ಕ್ರೇಪಿಂಗ್ (ಆ ಕೆರೆಯುವ ಕೆಲಸ), ರೀಟ್ರೈ ಅಂತ ಒಂದೊಂದಾಗಿ ನಡೆದವು. ಕೊನೆಗೆ ಉಳಿದದ್ದು 4096 ಬೈಟಿನ 71 ಸೆಕ್ಟರ್. ಒಟ್ಟು 2,90,816 ಬೈಟ್. 500 ಜಿಬಿಯಲ್ಲಿ ಮುನ್ನೂರು ಕೆಬಿ ಕೂಡ ಇಲ್ಲ. ಅಷ್ಟಕ್ಕೆ ಕಂಪ್ಯೂಟರ್ ಬೂಟ್ ಆಗಲು ನಿರಾಕರಿಸಿತ್ತು. 197ನೇ ಸಾಲು ಈಗ 568 ಅನ್ನುತ್ತಿತ್ತು, ಅಂದರೆ 71 ಇಂಟು 8, ಲೆಕ್ಕ ಸರಿಹೋಯಿತು. ಇನ್ನೂ ಹತ್ತು ಸುತ್ತು ಓಡಿಸಬಹುದಿತ್ತು. ಆದರೆ ಏನು ಕಳೆದಿದೆ ಅಂತ ಗೊತ್ತಾಗದೆ ಸುಮ್ನೆ ಡಿಸ್ಕ್ ಸವೆಸುವುದರಲ್ಲಿ ಅರ್ಥ ಇಲ್ಲ. ಮೂಲ ಡಿಸ್ಕನ್ನು ಬಿಚ್ಚಿ ಬದಿಗಿಟ್ಟೆ.

71 ಸೆಕ್ಟರ್ ಯಾರದ್ದು?

ಈಗ ಎಫ್‌ಎಸ್‌ಸಿಕೆಯ ಸರದಿ, ಆದರೆ ನಕಲಿನ ಮೇಲೆ. ರೀಫ್ಲಿಂಕ್ ಪ್ರತಿ ಒಂದು ತೆಗೆದೆ, ಲೋಸೆಟಪ್‌ಗೆ ಪಾರ್ಟ್‌ಸ್ಕ್ಯಾನ್ ಆಯ್ಕೆ ಕೊಟ್ಟು ಅದನ್ನು ಡಿಸ್ಕ್ ತರಹ ತೋರಿಸುವ ಹಾಗೆ ಮಾಡಿದೆ. ಮೊದಲು ಮೈನಸ್ ಎಫ್ ಎನ್: ಏನೂ ಮುಟ್ಟಬೇಡ, ಪೂರ್ತಿ ಪರೀಕ್ಷೆ ಮಾಡಿ ಏನೇನು ಕಾಣುತ್ತೆ ಅಂತ ಹೇಳು ಸಾಕು. ಬಂದದ್ದನ್ನೆಲ್ಲ ಒಂದು ಫೈಲ್‌ಗೆ ಬರೆಸಿಟ್ಟುಕೊಂಡೆ. ಈ ಫೈಲ್ ಮುಂದೆ ಬಂಗಾರ ಆಯಿತು.

ಯಾಕೆ ಅಂತ ಹೇಳುತ್ತೇನೆ. ಇಎಕ್ಸ್‌ಟಿ4ನಲ್ಲಿ ಫೈಲಿನ ಹೆಸರು ಒಂದು ಕಡೆ ಇರುತ್ತದೆ, ಅದರ ಡೇಟಾ ಡಿಸ್ಕ್‌ನಲ್ಲಿ ಎಲ್ಲಿದೆ ಅನ್ನುವ ವಿಳಾಸ ಇನ್ನೊಂದು ಕಡೆ. ಹೆಸರು ಇರುವುದು ಡೈರೆಕ್ಟರಿಯಲ್ಲಿ, ವಿಳಾಸ ಇರುವುದು ಐನೋಡ್‌ನಲ್ಲಿ. ಒಂದು ಐನೋಡ್ ಸಾಮಾನ್ಯವಾಗಿ 256 ಬೈಟ್. ಹಾಗಾಗಿ ಐನೋಡ್ ಟೇಬಲ್‌ನ 4096 ಬೈಟಿನ ಒಂದು ಬ್ಲಾಕ್ ಹೋದರೆ 16 ಫೈಲ್‌ಗಳ ವಿಳಾಸ ಒಟ್ಟಿಗೆ ಹೋಯಿತು. ಡೇಟಾ ಅಲ್ಲೇ ಇರುತ್ತದೆ, ದಾರಿ ಮಾತ್ರ ಗೊತ್ತಿಲ್ಲ. ಇ2ಎಫ್‌ಎಸ್‌ಸಿಕೆ ಎರಡನೇ ಪಾಸ್‌ನಲ್ಲಿ ಇಂಥ ಹೆಸರುಗಳನ್ನೆಲ್ಲ ಓದಿ ಹೇಳುತ್ತದೆ: ಇಂಥ ಡೈರೆಕ್ಟರಿಯಲ್ಲಿ ಇಂಥ ಹೆಸರಿದೆ, ಆದರೆ ಅದರ ಐನೋಡ್ ಖಾಲಿ, ಅಳಿಸಲಾ? ಅಂದರೆ ಕಳೆದುಹೋದ ಫೈಲ್‌ಗಳ ಹೆಸರಿನ ಪಟ್ಟಿ ಅದೇ ಬರೆದುಕೊಡುತ್ತದೆ. ನೇರ ಮೈನಸ್ ವೈ ಕೊಟ್ಟವರ ಸ್ಕ್ರೀನ್‌ನಲ್ಲಿ ಈ ಪಟ್ಟಿ ಸರ್ರನೆ ಮೇಲೆ ಹೋಗಿ ಮಾಯ, ಜೊತೆಗೆ ಹೆಸರೂ ಅಳಿದುಹೋಗಿರುತ್ತದೆ.

ನಮ್ಮಲ್ಲಿ ಐನೋಡ್ ಟೇಬಲ್‌ನ ಎರಡು ಬ್ಲಾಕ್ ಹೋಗಿದ್ದವು. ಪಟ್ಟಿ ನೋಡಿದರೆ ಹೆಚ್ಚಿನವು ಬ್ರೌಸರ್ ಕ್ಯಾಶ್, ಅದಕ್ಕೆ ಅಳುವವರು ಯಾರೂ ಇಲ್ಲ. ಆದರೆ ಒಂದಿಷ್ಟು ಫೋಟೋ ಹೆಸರೂ ಇದ್ದವು, ಜೊತೆಗೆ ಒಂದು ಇಡೀ ಫೋಲ್ಡರ್. ಫೋಲ್ಡರ್ ಕೂಡ ಒಂದು ಐನೋಡೇ. ಅದು ಹೋದರೆ ಅದರೊಳಗಿನ ಫೈಲ್‌ಗಳ ಐನೋಡ್ ಬೇರೆ ಕಡೆ ಸುರಕ್ಷಿತವಾಗಿರಬಹುದು, ಹೆಸರು ಮಾತ್ರ ಹೋಗಿರುತ್ತದೆ. ಒಬ್ಬರ ಹೆಸರು ಉಳಿದು ವಿಳಾಸ ಹೋಗಿದೆ, ಇನ್ನೊಬ್ಬರ ವಿಳಾಸ ಉಳಿದು ಹೆಸರು ಹೋಗಿದೆ. ಎರಡಕ್ಕೂ ದಾರಿ ಬೇರೆ.

ಈಗ ಅದೇ ಪ್ರತಿಯ ಮೇಲೆ ಧೈರ್ಯವಾಗಿ ಮೈನಸ್ ಎಫ್ ವೈ. ಮುಗಿದ ಮೇಲೆ ಮೌಂಟ್ ಮಾಡಿ ಲಾಸ್ಟ್ ಪ್ಲಸ್ ಫೌಂಡ್ ತೆರೆದರೆ, # ಚಿಹ್ನೆ ಮತ್ತು ಐನೋಡ್ ನಂಬರ್ ಇರುವ ಫೈಲ್‌ಗಳ ರಾಶಿ. ಹೆಸರು ಕಳೆದುಕೊಂಡವರು ಇವರು. ಫೈಲ್ ಅನ್ನುವ ಕಮ್ಯಾಂಡ್ ಓಡಿಸಿದರೆ ಎಲ್ಲ ಜೆಪೆಗ್ ಅಂತ ಹೇಳಿತು. ಕ್ಯಾಮೆರಾ ಪ್ರತಿ ಫೋಟೋದೊಳಗೆ ತೆಗೆದ ದಿನ, ಗಂಟೆ ಬರೆದಿರುತ್ತದಲ್ಲ, ಎಕ್ಸಿಫ್‌ಟೂಲ್‌ಗೆ ಹೇಳಿ ಆ ದಿನಾಂಕವನ್ನೇ ಹೆಸರಾಗಿ ಇಡಿಸಿದೆ. ಹಳೇ ಹೆಸರು ಒಂದಿಷ್ಟು ಅಕ್ಷರ, ಒಂದಿಷ್ಟು ಅಂಕಿ ಇರುವ ಕ್ಯಾಮೆರಾ ಕೊಟ್ಟ ಹೆಸರೇ ತಾನೇ. ಈಗಿನದ್ದೇ ವಾಸಿ. ದಿನಾಂಕಗಳನ್ನು ನೋಡಿ ಗೆಳೆಯರು ಇದು ಯಾವ ಪ್ರವಾಸ ಅಂತ ಹೇಳಿದರು, ಫೋಲ್ಡರ್‌ಗೂ ಒಂದು ಹೆಸರು ಸಿಕ್ಕಿತು.

ವಿಳಾಸ ಕಳೆದುಕೊಂಡವಕ್ಕೆ ಫೋಟೋರೆಕ್. ಇದು ಟೆಸ್ಟ್‌ಡಿಸ್ಕ್ ಜೊತೆಗೇ ಬರುತ್ತದೆ. ಫೈಲ್‌ಸಿಸ್ಟಂ ಏನು ಹೇಳುತ್ತೆ ಅಂತ ಕೇಳುವುದೇ ಇಲ್ಲ, ಬ್ಲಾಕ್ ಬ್ಲಾಕ್ ನೋಡುತ್ತಾ ಜೆಪೆಗ್ ಶುರುವಾಗುವ ಗುರುತು ಕಂಡರೆ ಎತ್ತಿಕೊಳ್ಳುತ್ತದೆ. ಇಡೀ ಡಿಸ್ಕ್ ಹುಡುಕಿಸಿದರೆ ಈಗಾಗಲೇ ಸಿಕ್ಕಿರುವ ಸಾವಿರಾರು ಫೋಟೋ ಮತ್ತೆ ಬರುತ್ತವೆ, ಅದರಲ್ಲಿ ಬೇಕಾದದ್ದು ಹುಡುಕುವುದು ಬೇರೆಯೇ ಶಿಕ್ಷೆ. ಎಫ್‌ಎಸ್‌ಸಿಕೆ ಆದ ಪ್ರತಿಯ ಮೇಲೆ ಓಡಿಸುವುದರ ಲಾಭ ಇಲ್ಲೇ ಇರುವುದು. ಐನೋಡ್ ಇಲ್ಲದ ಫೈಲ್‌ಗಳ ಬ್ಲಾಕ್‌ಗಳನ್ನು ಎಫ್‌ಎಸ್‌ಸಿಕೆ ಖಾಲಿ ಜಾಗ ಅಂತ ಗುರುತು ಹಾಕಿರುತ್ತದೆ. ಫೋಟೋರೆಕ್‌ನಲ್ಲಿ "ಫ್ರೀ" ಆಯ್ಕೆ ಮಾಡಿದರೆ ಖಾಲಿ ಜಾಗ ಮಾತ್ರ ಹುಡುಕುತ್ತದೆ. ಫೈಲ್ ವಿಧಗಳಲ್ಲಿ ಜೆಪೆಗ್ ಬಿಟ್ಟು ಉಳಿದದ್ದೆಲ್ಲ ಆಫ್. ಖಾಲಿ ಜಾಗದಲ್ಲಿ ಅವರು ಎಂದೋ ಬೇಕಂತಲೇ ಅಳಿಸಿದ್ದೂ ಇರುತ್ತದೆ, ಹಾಗಾಗಿ ಸಿಕ್ಕಿದ್ದನ್ನು ನಾನು ತೆರೆದು ನೋಡಲಿಲ್ಲ. ಎಕ್ಸಿಫ್ ದಿನಾಂಕದ ಮೇಲೆ ಬೇರೆ ಮಾಡಿ, ಹೆಸರಿನ ಪಟ್ಟಿ ಜೊತೆಗೆ ಅವರಿಗೇ ಒಪ್ಪಿಸಿದೆ. ಪಟ್ಟಿಯಲ್ಲಿದ್ದ ಫೋಟೋ ಬಹುತೇಕ ಸಿಕ್ಕವು.

ಇನ್ನೊಂದು ಪ್ರಶ್ನೆ ಉಳಿಯಿತು. ಹೆಸರೂ ಇದೆ, ವಿಳಾಸವೂ ಇದೆ, ಆದರೆ ಫೈಲಿನ ಹೊಟ್ಟೆಯಲ್ಲೇ ಒಂದು ಸೆಕ್ಟರ್ ಹೋಗಿದ್ದರೆ? ಇದು ಎಲ್ಲಕ್ಕಿಂತ ಮೋಸದ್ದು. ಇಮೇಜ್‌ನಲ್ಲಿ ಆ ಜಾಗ ಸೊನ್ನೆಗಳಿಂದ ತುಂಬಿರುತ್ತದೆ. ಕಾಪಿ ಮಾಡಿದರೆ ಯಾವ ಎರರ್ ಕೂಡ ಬರುವುದಿಲ್ಲ. ಫೈಲ್ ಸೈಜೂ ಸರಿ. ಎರಡು ವರ್ಷ ಬಿಟ್ಟು ತೆರೆದಾಗಲೇ ಗೊತ್ತಾಗುವುದು.

ಇದಕ್ಕೆ ಡಿಡಿರೆಸ್ಕ್ಯೂನಲ್ಲೇ ಒಂದು ಸೊಗಸಾದ ಉಪಾಯ ಇದೆ: ಫಿಲ್ ಮೋಡ್. ಮ್ಯಾಪ್‌ಫೈಲ್‌ನಲ್ಲಿ ಮೈನಸ್ ಗುರುತಿರುವ ಜಾಗಗಳಿಗೆಲ್ಲ ನಾವು ಕೊಟ್ಟ ಅಕ್ಷರಗಳನ್ನು ತುಂಬು ಅನ್ನಬಹುದು. ಒಂದು ಸಣ್ಣ ಫೈಲ್‌ನಲ್ಲಿ "ಕೆಟ್ಟಜಾಗ71" ಅಂತ ಬರೆದು ಅದನ್ನೇ ಮೂಲವಾಗಿ ಕೊಟ್ಟೆ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟ್, ಡಿಸ್ಕ್‌ನಲ್ಲಿ ಬೇರೆಲ್ಲೂ ಈ ಸಾಲು ಅಕಸ್ಮಾತ್ ಸಿಗುವ ಭಯ ಇಲ್ಲ. ಫೈಲ್ ಚಿಕ್ಕದಾಗಿದ್ದರೆ ಡಿಡಿರೆಸ್ಕ್ಯೂ ಅದನ್ನೇ ಮತ್ತೆ ಮತ್ತೆ ಬರೆದು ಸೆಕ್ಟರ್ ತುಂಬುತ್ತದೆ. ಇದನ್ನು ಮೂಲ ಇಮೇಜ್‌ನಿಂದ ತೆಗೆದ ಇನ್ನೊಂದು ಹೊಸ ಪ್ರತಿಯ ಮೇಲೆ ಮಾಡಬೇಕು, ರಿಪೇರಿ ಆದ ಪ್ರತಿಯ ಮೇಲಲ್ಲ. ಯಾಕಂದರೆ ಐನೋಡ್ ಟೇಬಲ್‌ನಲ್ಲೂ ಇದೇ ಅಕ್ಷರ ಹೋಗಿ ಕೂರುತ್ತದೆ. ಹೀಗೆ ತುಂಬಿದ ಪ್ರತಿಯನ್ನು ಓದಲು ಮಾತ್ರ, ಜರ್ನಲ್ ಮುಟ್ಟದ ಹಾಗೆ ನೋಲೋಡ್ ಸೇರಿಸಿ ಮೌಂಟ್ ಮಾಡಿ, ಫೈಲ್‌ಗಳೊಳಗೆ ಅಕ್ಷರ ಹುಡುಕುವ ಗ್ರೆಪ್‌ಗೆ, ಆ ಸಾಲು ಇರುವ ಫೈಲ್‌ಗಳ ಹೆಸರು ಮಾತ್ರ ತೋರಿಸು ಅಂತ ಹೇಳಿ ಹುಡುಕಿಸಿದೆ. ಕೆಲವು ಕಡೆ "ಸ್ಟ್ರಕ್ಚರ್ ನೀಡ್ಸ್ ಕ್ಲೀನಿಂಗ್" ಅಂತ ಗೊಣಗುತ್ತದೆ, ಅದು ಹಾಳಾದ ಐನೋಡ್‌ಗಳದ್ದು, ಬಿಟ್ಟುಬಿಡಿ.

ಬಂದ ಪಟ್ಟಿ ಚಿಕ್ಕದು. ಆಫೀಸ್ ಸಾಫ್ಟ್‌ವೇರಿನ ಒಂದು ಲೈಬ್ರರಿ ಫೈಲ್. ಎರಡು ಲಾಗ್. ಒಂದು ವಿಡಿಯೋ, ಅದನ್ನು ಓಡಿಸಿದರೆ ಒಂದು ಕಡೆ ಚೌಕ ಚೌಕ ಆಗಿ ಅರೆಕ್ಷಣಕ್ಕೆ ಸರಿಹೋಗುತ್ತದೆ, ಅಷ್ಟೇ. ಮತ್ತೆ ಎರಡು ಫೋಟೋ. ಒಂದರಲ್ಲಿ ಮೇಲಿನ ಮುಕ್ಕಾಲು ಭಾಗ ಚೆನ್ನಾಗಿದೆ, ಅಲ್ಲಿಂದ ಕೆಳಗೆ ಬಣ್ಣ ಜಾರಿ ಎಲ್ಲ ನೇರಳೆ. ಜೆಪೆಗ್‌ನಲ್ಲಿ ಒಂದು ಕಡೆ ತಪ್ಪಿದರೆ ಮುಂದಿನದ್ದಕ್ಕೆಲ್ಲ ಆಧಾರ ತಪ್ಪುತ್ತದೆ, ಅದಕ್ಕೇ ಹೀಗೆ. ಇನ್ನೊಂದರಲ್ಲಿ ಹೆಡರೇ ಹೋಗಿತ್ತು, ತೆರೆಯಲೇ ಇಲ್ಲ.

ತೆರೆಯದ ಫೋಟೋಗೆ ಕೊನೆಯ ಆಸೆ ಥಂಬ್‌ನೇಲ್. ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಫೈಲ್ ಮ್ಯಾನೇಜರ್ ಫೋಲ್ಡರ್ ತೋರಿಸುವಾಗ ಪ್ರತಿ ಚಿತ್ರದ ಒಂದು ಪುಟ್ಟ ಪ್ರತಿ ಮಾಡಿ, ಹೋಂ ಫೋಲ್ಡರಿನ ಅಡಗಿದ ಕ್ಯಾಶ್ ಫೋಲ್ಡರ್‌ನೊಳಗೆ ಥಂಬ್‌ನೇಲ್ಸ್ ಅಂತ ಇರುವಲ್ಲಿ ಇಡುತ್ತದೆ. ನಾರ್ಮಲ್‌ನಲ್ಲಿ 128 ಪಿಕ್ಸೆಲ್, ಲಾರ್ಜ್‌ನಲ್ಲಿ 256. ಹೆಸರು ನೋಡಿದರೆ ಅರ್ಥವಾಗದ ಅಕ್ಷರ ಅಂಕಿಗಳ ಸರಮಾಲೆ. ಅದು ಫೈಲಿನ ಪೂರ್ತಿ ವಿಳಾಸದ ಎಂಡಿ5, ಅಂದರೆ ಆ ವಿಳಾಸದಿಂದ ಲೆಕ್ಕಹಾಕಿ ಬರುವ ಒಂದು ಗುರುತು. ಅಂದರೆ ಫೈಲ್, ಕೋಲನ್, ಮೂರು ಓರೆಗೆರೆಯಿಂದ ಶುರುವಾಗುವ ವಿಳಾಸವನ್ನು ಎಂಡಿ5ಸಮ್‌ಗೆ ಕೊಟ್ಟರೆ ಥಂಬ್‌ನೇಲ್ ಹೆಸರು ಸಿಗುತ್ತದೆ. ಕೊನೆಯಲ್ಲಿ ಹೊಸ ಸಾಲು ಸೇರದ ಹಾಗೆ ನೋಡಿಕೊಳ್ಳಬೇಕು, ಹೆಸರಿನಲ್ಲಿ ಸ್ಪೇಸ್ ಇದ್ದರೆ ಅದನ್ನು ಶೇಕಡಾ ಚಿಹ್ನೆ 20 ಅಂತ ಬರೆಯಬೇಕು. ಲಾರ್ಜ್ ಫೋಲ್ಡರ್‌ನಲ್ಲಿ ಸಿಕ್ಕೇಬಿಟ್ಟಿತು. 256 ಪಿಕ್ಸೆಲ್‌ನ ಚಿತ್ರ ಪ್ರಿಂಟ್‌ಗೆ ಬರುವುದಿಲ್ಲ, ಆದರೆ ಯಾವ ಫೋಟೋ ಅಂತ ಗೊತ್ತಾಯಿತು. ಆಮೇಲೆ ಅವರ ಮನೆಯಲ್ಲಿ ಯಾರದೋ ಫೋನ್‌ನಲ್ಲಿ ಅದೇ ಫೋಟೋ ದೊಡ್ಡದು ಸಿಕ್ಕಿತಂತೆ.

ಹೊಸ ಡಿಸ್ಕ್, ಡೆಬಿಯನ್ 13

ಇಮೇಜನ್ನೇ ಹೊಸ ಎಸ್‌ಎಸ್‌ಡಿಗೆ ಬರೆದರೆ ಹಳೇ ಸಿಸ್ಟಂ ಹಾಗೇ ವಾಪಸ್ ಬರುತ್ತಿತ್ತು. ಬೇಡ ಅನ್ನಿಸಿತು. ಸಿಸ್ಟಂ ಫೈಲ್‌ಗಳಲ್ಲೂ ಒಂದು ಕೆಟ್ಟಿತ್ತು, ಡಿಸ್ಟ್ರೋ ಹೇಗೂ ಹಳತಾಗಿತ್ತು. ಹೊಸದಾಗಿ ಡೆಬಿಯನ್ 13 ಹಾಕಿ ಮೇಲೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇಟ್ಟೆ. ಟ್ರಿಕ್ಸಿ ಅಂತ ಕರೆಯುವ ಇದು 2025ರ ಆಗಸ್ಟ್ 9ರಂದು ಬಂದದ್ದು, ಕರ್ನಲ್ 6.12. ನಿಮ್ಮ ಹಳೇ ಮಷಿನ್ 32 ಬಿಟ್‌ನದ್ದಾದರೆ ಇದರ ಇನ್‌ಸ್ಟಾಲರ್ ಸಿಗುವುದಿಲ್ಲ, 12ರಲ್ಲೇ ನಿಲ್ಲಬೇಕು. ವೈಫೈ ಚಿಪ್ ತಕರಾರು ಮಾಡಿತು. 12ರಿಂದ ಡೆಬಿಯನ್ ಇನ್‌ಸ್ಟಾಲರ್‌ನಲ್ಲಿ ಮುಕ್ತವಲ್ಲದ ಫರ್ಮ್‌ವೇರ್ ಕೂಡ ಜೊತೆಗೇ ಬರುತ್ತದೆ, ಆದರೆ ಹಂಚಲು ಲೈಸೆನ್ಸ್ ಇಲ್ಲದವು ಅದರಲ್ಲೂ ಇರುವುದಿಲ್ಲ. ಫೋನನ್ನು ಯುಎಸ್‌ಬಿಗೆ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿದರೆ ಅದು ವೈರ್ಡ್ ನೆಟ್‌ವರ್ಕ್ ತರಹ ಕಾಣುತ್ತದೆ, ಅದರಿಂದಲೇ ಬೇಕಾದ ಫರ್ಮ್‌ವೇರ್ ಇಳಿಸಿಕೊಂಡೆ.

4 ಜಿಬಿ ರ‍್ಯಾಮ್ ಇರುವವರು ಗಮನಿಸಬೇಕಾದ ಒಂದು ಬದಲಾವಣೆ 13ರಲ್ಲಿ ಇದೆ. ಟಿಎಂಪಿ ಫೋಲ್ಡರ್ ಈಗ ರ‍್ಯಾಮ್‌ನಲ್ಲಿರುತ್ತದೆ, ಅರ್ಧ ರ‍್ಯಾಮ್‌ವರೆಗೆ ತಿನ್ನಬಹುದು. ದೊಡ್ಡ ಫೈಲ್‌ಗಳನ್ನು ಅಲ್ಲಿ ಬಿಚ್ಚುವ ಪ್ರೋಗ್ರಾಂ ಇದ್ದರೆ ಮಷಿನ್ ತೆವಳುತ್ತದೆ. ಸಿಸ್ಟಂಸಿಟಿಎಲ್‌ನಲ್ಲಿ ಟಿಎಂಪಿ ಡಾಟ್ ಮೌಂಟ್ ಅನ್ನು ಮಾಸ್ಕ್ ಮಾಡಿ ರೀಬೂಟ್ ಮಾಡಿದರೆ ಹಳೇ ಹಾಗೆ ಡಿಸ್ಕ್‌ಗೆ ಹೋಗುತ್ತದೆ. ನಾನು ಹಾಗೇ ಮಾಡಿ, ಜೊತೆಗೆ ಮೆಮೊರಿಯೊಳಗಿನ ಡೇಟಾವನ್ನು ಒತ್ತಿ ಚಿಕ್ಕದು ಮಾಡುವ ಝಡ್‌ರ‍್ಯಾಮ್ ಹಾಕಿದೆ. ಫೋಟೋ ಮತ್ತು ಹೋಂ ಫೋಲ್ಡರ್ ಆರ್‌ಸಿಂಕ್‌ನಿಂದ ಬಂದವು. ಬ್ಯಾಕಪ್‌ಗೆ ರೆಸ್ಟಿಕ್, ಅದೇ 1 ಟಿಬಿ ಡಿಸ್ಕ್‌ಗೆ. ಡಿಸ್ಕ್‌ನ ಈ ಸಂಖ್ಯೆಗಳ ಮೇಲೆ ಸದಾ ಕಣ್ಣಿಡುವ ಸ್ಮಾರ್ಟ್‌ಡಿಯನ್ನೂ ಆನ್ ಮಾಡಿಟ್ಟೆ, ಮುಂದಿನ ಸಲ 197 ಏರಿದರೆ ಬೂಟ್ ನಿಲ್ಲುವವರೆಗೆ ಕಾಯಬೇಕಿಲ್ಲ.

ಫೋಟೋ ಎಲ್ಲ ಸರಿ ಇದೆ ಅಂತ ಅವರು ಹೇಳಿದ ಮೇಲೆ ಹಳೇ ಡಿಸ್ಕ್ ಮೇಲೆ ಒಂದು ಪ್ರಯೋಗ ಮಾಡಿದೆ. ಡಿಡಿಯಿಂದ ಮೊದಲಿನಿಂದ ಕೊನೆಯವರೆಗೆ ಸೊನ್ನೆ ಬರೆದೆ. ಮುಗಿದಾಗ 197ನೇ ಸಾಲು 568ರಿಂದ ಸೊನ್ನೆಗೆ ಇಳಿದಿತ್ತು! 5ನೇ ಸಾಲು ಮಾತ್ರ ಸ್ವಲ್ಪ ಏರಿತ್ತು. ಪೆಂಡಿಂಗ್ ಸೆಕ್ಟರ್ ಬಗ್ಗೆ ಡಿಸ್ಕ್ ತೀರ್ಮಾನ ತೆಗೆದುಕೊಳ್ಳುವುದು ಹೆಚ್ಚಾಗಿ ಅದರ ಮೇಲೆ ಬರೆದಾಗ. ಬರೆದದ್ದು ಅಲ್ಲೇ ನಿಂತರೆ ಸೆಕ್ಟರ್ ಸರಿ ಇದೆ ಅಂದುಕೊಳ್ಳುತ್ತದೆ, ನಿಲ್ಲದಿದ್ದರೆ ಬೇರೆ ಜಾಗ ಕೊಡುತ್ತದೆ. ಈ ಸೊನ್ನೆ ನೋಡಿ ಡಿಸ್ಕ್ ರಿಪೇರಿ ಆಯಿತು ಅಂತ ಮತ್ತೆ ಬಳಸುವವರಿದ್ದಾರೆ, ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ, 197 ಒಂದನ್ನೇ ನೋಡಬೇಡಿ. ಅದಾದ ಮೇಲೆ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಲಾಂಗ್ ಟೆಸ್ಟ್ ಓಡಿಸಿದೆ. ಶೇ. 60 ಬಾಕಿ ಇರುವಾಗಲೇ ರೀಡ್ ಫೇಲ್ಯೂರ್ ಅಂತ ನಿಂತಿತು. ಅದು ತೋರಿಸಿದ ಸೆಕ್ಟರ್ ನಂಬರ್ ಮ್ಯಾಪ್‌ಫೈಲ್‌ನಲ್ಲಿ ಪ್ಲಸ್ ಗುರುತು ಇದ್ದ ಜಾಗದ್ದು. 197 ಮತ್ತೆ 16.